ಅಕ್ರಿಲಿಕ್ ಉಗುರು ಏಳುವುದೇಕೆ, ಏಳದಂತೆ ಕೂರಿಸುವುದು ಹೇಗೆ

ಅಕ್ರಿಲಿಕ್ ಉಗುರು ಹಾಕಿಸಿಕೊಂಡ ನಾಲ್ಕೈದು ದಿನಕ್ಕೇ ಬುಡದ ಹತ್ತಿರ ಒಂದು ಬಿಳಿ ಗೆರೆ ಕಾಣಿಸಿಕೊಳ್ಳುವುದುಂಟು. ತಲೆ ಬಾಚುವಾಗ ಕೂದಲೆಳೆ ಅದರ ಕೆಳಗೆ ಸಿಕ್ಕಿ ಚುರುಕ್ ಎನ್ನಿಸುತ್ತದೆ. ಸ್ವೆಟರ್ ತೊಡುವಾಗ ನೂಲು ಸಿಕ್ಕಿಕೊಳ್ಳುತ್ತದೆ. ಕೂದಲು ನುಸುಳುವಷ್ಟು ಸಂದು ಬಿದ್ದಿದ್ದರೆ ಅಲ್ಲಿಗೆ ನೀರು ಆಗಲೇ ಹೋಗಿರುತ್ತದೆ. ಬ್ಯೂಟಿ ಪಾರ್ಲರ್‌ಗಳಲ್ಲಿ ಇದನ್ನು ಲಿಫ್ಟಿಂಗ್ ಎನ್ನುತ್ತಾರೆ. ಮೇಲೆ ಕಟ್ಟಿದ ಅಕ್ರಿಲಿಕ್ ಪದರ ಸಹಜ ಉಗುರಿನಿಂದ ಬಿಟ್ಟುಕೊಂಡು ಏಳುವುದಕ್ಕೆ ಆ ಹೆಸರು. ಹಾಕಿಸಿಕೊಂಡವರು ‘ಮಾಲು ಸರಿಯಿರಲಿಲ್ಲ’ ಎನ್ನುತ್ತಾರೆ, ಹಾಕಿದವರು ‘ನೀರಲ್ಲಿ ಜಾಸ್ತಿ ಕೈಯಾಡಿಸಿದ್ದೀರಿ’ ಎನ್ನುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಬಹುಪಾಲು ಉಗುರುಗಳ ಹಣೆಬರಹ ಅಕ್ರಿಲಿಕ್‌ನ ಮೊದಲ ಹನಿ ಬೀಳುವ ಮುಂಚೆ, ಉಗುರನ್ನು ಸಿದ್ಧ ಮಾಡುವ ಆ ಹತ್ತು-ಹದಿನೈದು ನಿಮಿಷದಲ್ಲೇ ನಿರ್ಧಾರವಾಗಿರುತ್ತದೆ.

ಅಕ್ರಿಲಿಕ್ ಉಗುರಿನ ಮೂಲ ಹಲ್ಲಿನ ಡಾಕ್ಟರರ ಕೋಣೆಯಲ್ಲಿದೆ. 1954ರಲ್ಲಿ ಅಮೆರಿಕದ ದಂತವೈದ್ಯ ಫ್ರೆಡ್ ಸ್ಲ್ಯಾಕ್ ಕೆಲಸದ ನಡುವೆ ಮುರಿದುಕೊಂಡ ತಮ್ಮ ಉಗುರನ್ನು ಹಲ್ಲಿಗೆ ಬಳಸುವ ಅಕ್ರಿಲಿಕ್‌ನಿಂದಲೇ ಸರಿಮಾಡಿಕೊಂಡರು. ಆ ರಿಪೇರಿಯೇ ಮುಂದೆ ಉದ್ಯಮವಾಗಿ ಬೆಳೆಯಿತು. ಸಾಮಗ್ರಿಯ ಮೂಲ ಸೂತ್ರ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಒಂದು ಬಟ್ಟಲಲ್ಲಿ ದ್ರವ, ಇನ್ನೊಂದರಲ್ಲಿ ಪುಡಿ. ದ್ರವವೆಂದರೆ ಮಾನೊಮರ್; ಒಳ್ಳೆಯ ಕಂಪನಿಗಳ ಮಾಲಿನಲ್ಲಿ ಅದು ಮುಖ್ಯವಾಗಿ ಈಥೈಲ್ ಮೆಥಾಕ್ರಿಲೇಟ್. ಪುಡಿಯಲ್ಲಿರುವುದು ಆಗಲೇ ಸರಪಳಿಯಾಗಿ ಬೆಸೆದುಕೊಂಡ ಪಾಲಿಮರ್‌ನ ನವಿರಾದ ಕಣಗಳು, ಜೊತೆಗೆ ಬೆಂಜಾಯ್ಲ್ ಪೆರಾಕ್ಸೈಡ್. ಬ್ರಷ್ಷನ್ನು ದ್ರವದಲ್ಲಿ ಅದ್ದಿ ಪುಡಿಗೆ ಮುಟ್ಟಿಸಿದರೆ ತುದಿಯಲ್ಲಿ ಪುಟ್ಟ ಗುಂಡು ಕಟ್ಟುತ್ತದೆ. ಪಾರ್ಲರ್ ಭಾಷೆಯಲ್ಲಿ ಅದು ಬೀಡ್. ದ್ರವದಲ್ಲಿರುವ ವೇಗವರ್ಧಕ ಪೆರಾಕ್ಸೈಡನ್ನು ಒಡೆಯುತ್ತದೆ, ಒಡೆದ ಚೂರುಗಳು ಮಾನೊಮರ್ ಅಣುಗಳನ್ನು ಒಂದರ ಹಿಂದೊಂದು ಪೋಣಿಸತೊಡಗುತ್ತವೆ. ಜೆಲ್ ಉಗುರಿಗೆ ಬೇಕಾಗುವ ಲ್ಯಾಂಪ್ ಇದಕ್ಕೆ ಬೇಡ. ಕೆಲವೇ ನಿಮಿಷಗಳಲ್ಲಿ ಫೈಲ್ ಮಾಡುವಷ್ಟು ಗಟ್ಟಿಯಾದರೂ ಒಳಗಿನ ಬೆಸುಗೆ ಒಂದೆರಡು ದಿನ ನಡೆಯುತ್ತಲೇ ಇರುತ್ತದೆ. ಅಣುಗಳು ಒತ್ತೊತ್ತಾಗಿ ಸರಿದು ಕೂರುವುದರಿಂದ ಇಡೀ ಪದರ ತುಸು ಕುಗ್ಗುತ್ತದೆ. ಲಿಫ್ಟಿಂಗ್‌ನ ಅರ್ಧ ಕಾರಣ ಈ ಕುಗ್ಗುವಿಕೆಯಲ್ಲಿದೆ.

ಉಳಿದರ್ಧ ಸಹಜ ಉಗುರಿನ ಸ್ವಭಾವದಲ್ಲಿದೆ. ಕೈಬೆರಳ ಉಗುರು ಸುಮಾರು ಅರ್ಧ ಮಿಲಿಮೀಟರ್ ದಪ್ಪದ, ಕೆರಟಿನ್ ತುಂಬಿದ ಸತ್ತ ಜೀವಕೋಶಗಳ ಒತ್ತು ಪದರ. ನೋಡಲು ಗಟ್ಟಿಯಾದರೂ ಅದು ನೀರು ಕುಡಿಯುತ್ತದೆ, ಕುಡಿದಷ್ಟೂ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಮತ್ತೆ ಬಿಗಿಯಾಗುತ್ತದೆ. ಬಟ್ಟೆ ಒಗೆದು ಬಂದ ಕೈಯ ಉಗುರನ್ನು ಬಾಗಿಸಿ ನೋಡಿದರೆ ಇದು ಯಾರಿಗೂ ತಿಳಿಯುತ್ತದೆ. ಮೇಲಿರುವ ಪ್ಲಾಸ್ಟಿಕ್ಕು ಹೀಗೆ ಉಬ್ಬುವುದಿಲ್ಲ, ಅಷ್ಟು ಬಾಗುವುದೂ ಇಲ್ಲ. ಹಾಗಾಗಿ ಕೈ ಒದ್ದೆಯಾಗಿ ಒಣಗಿದಾಗಲೆಲ್ಲ ಎರಡೂ ಕೂಡಿದ ಜಾಗದಲ್ಲಿ ಎಳೆದಾಟ ನಡೆಯುತ್ತದೆ. ಮೇಲಾಗಿ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಅಕ್ರಿಲಿಕ್ ಪದರ ಕೂತಲ್ಲಿ ಕೂತಿರದೆ ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಉಗುರಿಗೆ ಸ್ವಂತ ಎಣ್ಣೆಗ್ರಂಥಿಗಳಿಲ್ಲ. ಆದರೂ ಚರ್ಮದ ಜಿಡ್ಡು, ಬೆವರು, ಕ್ರೀಮು ಸದಾ ಅದರ ಮೇಲೆ ತೆಳುವಾಗಿ ಹರಡಿಕೊಂಡಿರುತ್ತವೆ.

ಸಿದ್ಧತೆಯ ಹತ್ತು ನಿಮಿಷ

ಮೊದಲ ತಪ್ಪು ಎಷ್ಟೋ ಸಲ ಉಪಚಾರದ ಹೆಸರಲ್ಲೇ ನಡೆಯುತ್ತದೆ. ಮ್ಯಾನಿಕ್ಯೂರ್‌ನ ಅಭ್ಯಾಸದಿಂದ ಬೆರಳುಗಳನ್ನು ಬಿಸಿನೀರಿನ ಬಟ್ಟಲಲ್ಲಿ ನೆನೆಸಿ, ಆಮೇಲೆ ಅಕ್ರಿಲಿಕ್ ಹಾಕಲು ಕೂರುವುದು. ನೀರು ಕುಡಿದು ಅಗಲವಾದ ಉಗುರಿನ ಮೇಲೆ ಪ್ಲಾಸ್ಟಿಕ್ ಕಟ್ಟಿದರೆ, ಗಂಟೆಯೊಳಗೆ ಕೆಳಗಿನ ಉಗುರು ಒಣಗಿ ತನ್ನ ಅಳತೆಗೆ ಮರಳುತ್ತದೆ, ಮೇಲಿನದು ಇದ್ದ ಅಳತೆಯಲ್ಲೇ ಗಟ್ಟಿಯಾಗಿರುತ್ತದೆ. ಒದ್ದೆ ಗೋಡೆಗೆ ಪೇಂಟ್ ಬಳಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಅಕ್ರಿಲಿಕ್ ಹಾಕುವ ದಿನ ಸೋಪು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿದರೆ ಸಾಕು. ನೆನೆಸುವ ಮ್ಯಾನಿಕ್ಯೂರ್ ಬೇಕಿದ್ದರೆ ಹಿಂದಿನ ದಿನ ಮಾಡಿಸಿಕೊಳ್ಳಬೇಕು. ಪಾರ್ಲರಿಗೆ ಹೊರಡುವ ಮುಂಚೆ ಹ್ಯಾಂಡ್ ಕ್ರೀಮ್ ಹಚ್ಚಿಕೊಳ್ಳಬಾರದು. ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿದ ಕೈಯಲ್ಲಿ ಬರುವವರ ಉಗುರನ್ನು ಒಂದು ಸಲ ಒರೆಸಿದ ಮಾತ್ರಕ್ಕೆ ಜಿಡ್ಡು ಹೋಗದು. ಮದುವೆ ಮನೆಯ ಮೆಹಂದಿಗೂ ಇದೇ ಮಾತು ಅನ್ವಯಿಸುತ್ತದೆ. ಮೆಹಂದಿ ಕಲಸುವಾಗ ನೀಲಗಿರಿ ಎಣ್ಣೆಯಂಥದ್ದನ್ನು ಸೇರಿಸುವುದುಂಟು, ಬಣ್ಣ ಗಾಢವಾಗಲೆಂದು ಒಣಗಿದ ಮೇಲೆ ಎಣ್ಣೆ ಸವರುವುದೂ ಉಂಟು. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ಉಗುರಿನ ಕೆಲಸ ಕೆಡುತ್ತದೆ.

ಎರಡನೆಯ ಹೆಜ್ಜೆ ಕ್ಯೂಟಿಕಲ್. ಇಲ್ಲಿ ಆಗುವಷ್ಟು ಎಡವಟ್ಟು ಬೇರೆಲ್ಲೂ ಆಗುವುದಿಲ್ಲ. ಉಗುರಿನ ಬುಡದಲ್ಲಿ ಕಣ್ಣಿಗೆ ಒಂದೇ ಎನಿಸುವ ಎರಡು ಸಂಗತಿಗಳಿವೆ. ಒಂದು, ಬುಡವನ್ನು ಕಾಯುವ ಜೀವಂತ ಚರ್ಮದ ಮಡಿಕೆ. ಅದನ್ನು ಕತ್ತರಿಸಿದರೆ ಗಾಯವಾಗುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಇನ್ನೊಂದು, ಆ ಮಡಿಕೆಯ ಅಡಿಯಿಂದ ಹೊರಟು ಉಗುರಿನ ಮೇಲೆ ಅಂಟಿಕೊಂಡೇ ಬೆಳೆದುಬರುವ ಸತ್ತ ಚರ್ಮದ ತೆಳು ಪೊರೆ. ನಿಜವಾದ ಕ್ಯೂಟಿಕಲ್ ಇದೇ. ಹೆಚ್ಚುಕಡಿಮೆ ಪಾರದರ್ಶಕವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಚರ್ಮವನ್ನು ಹಿಂದಕ್ಕೆ ತಳ್ಳಿದ ತಕ್ಷಣ ಉಗುರು ಸ್ವಚ್ಛವಾಯಿತು ಎನ್ನಿಸುತ್ತದೆ, ಆದರೆ ಪೊರೆ ಅಲ್ಲೇ ಇರುತ್ತದೆ. ಅದರ ಮೇಲೆ ಹಾಕಿದ ಅಕ್ರಿಲಿಕ್ ಅಂಟಿಕೊಳ್ಳುವುದು ಉಗುರಿಗಲ್ಲ, ಸತ್ತ ಚರ್ಮಕ್ಕೆ. ಆ ಚರ್ಮ ಉದುರಿದಾಗ ಅಕ್ರಿಲಿಕ್‌ನ ಅಂಚೂ ಏಳುತ್ತದೆ. ಪುಷರ್ ಅಥವಾ ಮರದ ಕಡ್ಡಿಯನ್ನು ಓರೆಯಾಗಿ ಹಿಡಿದು, ಒತ್ತಡ ಹಾಕದೆ, ಬುಡದಿಂದ ಎರಡೂ ಪಕ್ಕದ ಮೂಲೆಗಳವರೆಗೆ ಸಣ್ಣ ಸಣ್ಣ ವೃತ್ತದಲ್ಲಿ ಉಜ್ಜಿದರೆ ಪೊರೆ ಬಿಳಿ ಹೊಟ್ಟಿನಂತೆ ಎದ್ದುಬರುತ್ತದೆ. ಮೂಲೆಗಳನ್ನು ಬಿಡುವಂತಿಲ್ಲ, ಲಿಫ್ಟಿಂಗ್ ಎಷ್ಟೋ ಸಲ ಶುರುವಾಗುವುದೇ ಅಲ್ಲಿ. ಕ್ಯೂಟಿಕಲ್ ರಿಮೂವರ್ ದ್ರಾವಣ ಬಳಸಿದರೆ ಅದನ್ನು ಪೂರ್ತಿ ತೊಳೆದು ಒಣಗಿಸಬೇಕು. ಅದರಲ್ಲಿ ಸಾಮಾನ್ಯವಾಗಿ ಕ್ಷಾರ ಇರುತ್ತದೆ, ಉಳಿದುಹೋದರೆ ಅದೇ ತೊಡಕು.

ಆಮೇಲೆ ಮೇಲ್ಮೈಯ ಹೊಳಪು ತೆಗೆಯುವುದು. 180 ಗ್ರಿಟ್ ಅಥವಾ ಅದಕ್ಕಿಂತ ನಯವಾದ ಫೈಲ್ ಅಥವಾ ಬಫರ್ ಹಿಡಿದು, ಉಗುರು ಬೆಳೆಯುವ ದಿಕ್ಕಿನಲ್ಲಿ ಹಗುರವಾಗಿ ನಾಲ್ಕಾರು ಸಲ ಎಳೆದರೆ ಮುಗಿಯಿತು. ಉದ್ದೇಶ ಹೊಳಪು ಹೋಗುವುದಷ್ಟೇ, ಉಗುರು ಸವೆಯಬಾರದು. ದೀಪದ ಕೆಳಗೆ ಬೆರಳನ್ನು ಅತ್ತಿತ್ತ ತಿರುಗಿಸಿದರೆ ಫೈಲ್ ತಾಗದ ಜಾಗಗಳು ಮಿಂಚುತ್ತವೆ, ಮುಖ್ಯವಾಗಿ ಪಕ್ಕದ ಗೋಡೆಗಳ ಬದಿಯಲ್ಲಿ. ಅಷ್ಟನ್ನು ಮಾತ್ರ ಮತ್ತೆ ಮುಟ್ಟಬೇಕು.

ತರಿತರಿಯಾದಷ್ಟೂ ಚೆನ್ನಾಗಿ ಹಿಡಿಯುತ್ತದೆ ಎಂಬ ನಂಬಿಕೆಯಿಂದ ಡ್ರಿಲ್ ಮೆಷಿನ್ ಹಚ್ಚಿ ಉಗುರನ್ನು ತುರಿಯುವವರಿದ್ದಾರೆ. ಈ ಕಸುಬಿನಲ್ಲಿ ಇದಕ್ಕಿಂತ ದುಬಾರಿ ನಂಬಿಕೆ ಇನ್ನೊಂದಿಲ್ಲ. ಒರಟು ಫೈಲ್ ಉಗುರಿನ ಪದರಗಳನ್ನು ಎಬ್ಬಿಸಿ ಸಡಿಲ ಮಾಡುತ್ತದೆ. ಅಕ್ರಿಲಿಕ್ ಆ ಸಡಿಲ ಸಿಪ್ಪೆಗಳಿಗೆ ಅಂಟುತ್ತದೆ, ಸಿಪ್ಪೆ ಉಗುರಿನಿಂದ ಕಳಚಿಕೊಳ್ಳುತ್ತದೆ. ಜೊತೆಗೆ ತೆಳುವಾದ ಉಗುರು ಹೆಚ್ಚು ಬಾಗುತ್ತದೆ, ಹೆಚ್ಚು ನೀರು ಕುಡಿಯುತ್ತದೆ. ಅದರ ಮೇಲಿನ ಗಡಸು ಪದರ ಬಾಗದೆ ಬಿಟ್ಟುಕೊಳ್ಳುತ್ತದೆ. ಮುಂದಿನ ಸಲ ‘ಹಿಡಿಯಲಿಲ್ಲ’ ಎಂದು ಇನ್ನಷ್ಟು ಉಜ್ಜಿದರೆ ಉಗುರು ಇನ್ನಷ್ಟು ತೆಳುವಾಗುತ್ತದೆ. ಹಾಕಿದ ಪ್ರತಿ ಸಲವೂ ಬೇಗ ಬೇಗ ಏಳುತ್ತಿದೆ ಎನ್ನುವವರ ಪೈಕಿ ಈ ಸುಳಿಗೆ ಸಿಕ್ಕವರು ಕಡಿಮೆಯೇನಲ್ಲ.

ಉಜ್ಜಿದ ಧೂಳನ್ನು ಒಣ ಬ್ರಷ್‌ನಿಂದ ಕೊಡವಬೇಕು. ಬೆರಳಿನಿಂದ ಒರೆಸಿದರೆ ತೆಗೆದ ಜಿಡ್ಡು ಮರಳಿ ಅಂಟುತ್ತದೆ. ಈ ಹಂತದ ನಂತರ ಕೂತವರು ಮುಖ ಒರೆಸಿಕೊಳ್ಳುವುದು, ಕೂದಲು ಸರಿಪಡಿಸಿಕೊಳ್ಳುವುದು, ಫೋನ್ ಉಜ್ಜುವುದು ಎಲ್ಲವೂ ಲಿಫ್ಟಿಂಗ್‌ಗೆ ಆಹ್ವಾನವೇ. ಒಂದು ಬೆರಳಿನ ಉಗುರು ಮಾತ್ರ ಎದ್ದು ಉಳಿದ ಒಂಬತ್ತೂ ಗಟ್ಟಿಯಾಗಿದ್ದರೆ, ಆ ಬೆರಳು ಎಲ್ಲೋ ಏನನ್ನೋ ಮುಟ್ಟಿರುವ ಸಾಧ್ಯತೆಯೇ ಹೆಚ್ಚು.

ಡಿಹೈಡ್ರೇಟರ್ ಮತ್ತು ಪ್ರೈಮರ್

ಧೂಳು ಕೊಡವಿದ ಮೇಲೆ ಡಿಹೈಡ್ರೇಟರ್ ಸವರುತ್ತಾರೆ. ಬೇಗ ಹಾರಿಹೋಗುವ ದ್ರಾವಕಗಳಿರುವ ಈ ದ್ರವ ಮೇಲ್ಮೈಯ ಜಿಡ್ಡು ಮತ್ತು ತೇವವನ್ನು ಎಳೆದುಕೊಂಡು ಆರುತ್ತದೆ. ಉಗುರು ಸುಣ್ಣ ಬಳಿದಷ್ಟು ಮಂಕಾಗಿ ಕಾಣುತ್ತದೆ. ಇದರ ಪರಿಣಾಮ ತಾತ್ಕಾಲಿಕ. ಸ್ವಲ್ಪ ಹೊತ್ತಿನಲ್ಲೇ ಉಗುರಿನ ಒಳಗಿನಿಂದ ತೇವ, ಸುತ್ತಲ ಚರ್ಮದಿಂದ ಜಿಡ್ಡು ಮರಳುತ್ತದೆ. ಹತ್ತೂ ಬೆರಳಿಗೆ ಒಟ್ಟಿಗೆ ಸವರಿ ಒಂದು ಗಂಟೆ ಕೆಲಸ ಮಾಡುತ್ತ ಕೂತರೆ ಕೊನೆಯ ಬೆರಳಿನ ಹೊತ್ತಿಗೆ ಅದರ ಪ್ರಯೋಜನವೇ ಇರದು. ನಿಧಾನ ಕೈಯವರು ಒಂದೊಂದು ಕೈಯನ್ನು ಬೇರೆ ಬೇರೆಯಾಗಿ ಸಿದ್ಧ ಮಾಡಿಕೊಳ್ಳುವುದು ಒಳ್ಳೆಯದು.

ಪ್ರೈಮರ್‌ನಲ್ಲಿ ಎರಡು ಜಾತಿ. ಹಳೆಯದು ಮೆಥಾಕ್ರಿಲಿಕ್ ಆಮ್ಲ ಇರುವ ಆ್ಯಸಿಡ್ ಪ್ರೈಮರ್. ಉಗುರನ್ನೂ ಅಕ್ರಿಲಿಕ್ಕನ್ನೂ ಬೆಸೆಯುವುದರಲ್ಲಿ ಅದು ಪ್ರಬಲ, ಚರ್ಮಕ್ಕೆ ತಾಗಿದರೆ ಸುಡುವುದರಲ್ಲೂ ಅಷ್ಟೇ ಪ್ರಬಲ. ಮಕ್ಕಳು ಸುಟ್ಟುಕೊಂಡ ಪ್ರಕರಣಗಳ ನಂತರ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1999ರಲ್ಲಿ, ಶೇ. 5ಕ್ಕಿಂತ ಹೆಚ್ಚು ಮೆಥಾಕ್ರಿಲಿಕ್ ಆಮ್ಲವಿರುವ ಗೃಹಬಳಕೆಯ ದ್ರವಗಳಿಗೆ ಮಕ್ಕಳು ತೆರೆಯಲಾಗದ ಮುಚ್ಚಳ ಕಡ್ಡಾಯ ಮಾಡಿತು. ಹೊಸ ಜಾತಿಯದು ಆ್ಯಸಿಡ್ ಇಲ್ಲದ ಪ್ರೈಮರ್. ಚರ್ಮಕ್ಕೆ ಅಷ್ಟು ಉಗ್ರವಲ್ಲ, ಹೆಚ್ಚಿನವರ ಉಗುರಿಗೆ ಸಾಕಾಗುತ್ತದೆ. ಯಾವುದೇ ಇರಲಿ, ಅಳತೆ ಮಾತ್ರ ಅತ್ಯಲ್ಪ. ಕುಂಚವನ್ನು ಶೀಶೆಯ ಬಾಯಿಗೂ ಟಿಶ್ಶೂ ಕಾಗದಕ್ಕೂ ಒತ್ತಿ, ಉಗುರಿನ ನಡುವೆ ಮುಟ್ಟಿಸಿದರೆ ಅದು ತಾನಾಗಿ ಹರಡಿಕೊಳ್ಳುತ್ತದೆ. ಆ್ಯಸಿಡ್ ಪ್ರೈಮರ್ ಪೂರ್ತಿ ಆರಬೇಕು. ಹಸಿಯಿರುವಾಗಲೇ ಅಕ್ರಿಲಿಕ್ ಹಾಕಿದರೆ ಪದರ ಹಳದಿ ಬಣ್ಣಕ್ಕೆ ತಿರುಗುವುದೂ ಉಂಟು, ಏಳುವುದೂ ಉಂಟು. ಆ್ಯಸಿಡ್ ಇಲ್ಲದ್ದು ಸಾಮಾನ್ಯವಾಗಿ ಆರಿದ ಮೇಲೂ ತುಸು ಜಿಗುಟಾಗಿ ಉಳಿಯುತ್ತದೆ, ಅದು ಹಾಗೇ ಇರಬೇಕು. ಜಾಸ್ತಿ ಪ್ರೈಮರ್ ಹಾಕಿದರೆ ಜಾಸ್ತಿ ಹಿಡಿತ ಎಂಬ ಲೆಕ್ಕ ತಪ್ಪು.

ಬೀಡ್‌ನ ಹದ

ಅಡುಗೆಯಲ್ಲಿ ಪಾಕದ ಹದ ಬಲ್ಲವರಿಗೆ ಅಳತೆಪಾತ್ರೆ ಬೇಡ. ಬೀಡ್ ಎತ್ತುವವರ ಕಣ್ಣಿಗೂ ಹಾಗೆ ಅಭ್ಯಾಸವಾಗಬೇಕು. ಸಾಮಾನ್ಯ ಲೆಕ್ಕ ಒಂದು ಪಾಲು ಪುಡಿಗೆ ಒಂದೂವರೆ ಪಾಲು ದ್ರವ. ಹದವಾದ ಬೀಡ್ ಉಗುರಿನ ಮೇಲೆ ಇಟ್ಟ ಕೂಡಲೇ ಓಡುವುದಿಲ್ಲ. ಗುಂಡಗೆ ಕೂತು, ಅರೆ ಕ್ಷಣ ಬಿಟ್ಟು ನಿಧಾನವಾಗಿ ಸುತ್ತಲೂ ಸಡಿಲವಾಗುತ್ತದೆ. ದ್ರವ ಹೆಚ್ಚಾದರೆ ಕೂಡಲೇ ಪಕ್ಕದ ಚರ್ಮಕ್ಕೆ ಹರಿಯುತ್ತದೆ. ಪೋಣಿಸಬೇಕಾದ ಮಾನೊಮರ್ ಹೆಚ್ಚಿದಷ್ಟೂ ಕುಗ್ಗುವಿಕೆ ಹೆಚ್ಚು, ಕುಗ್ಗುವಾಗ ಅಂಚುಗಳು ಉಗುರನ್ನು ಬಿಟ್ಟು ಒಳಕ್ಕೆ ಸರಿಯುತ್ತವೆ. ಬೆಸೆದುಕೊಳ್ಳದೆ ಉಳಿದ ಮಾನೊಮರ್ ಚರ್ಮಕ್ಕೂ ಕೆಡುಕು. ಪುಡಿ ಹೆಚ್ಚಾದರೆ ಬೀಡ್ ಒಣಕಲಾಗಿ, ಸಕ್ಕರೆ ಕಾಳಿನಂತೆ ತರಿತರಿಯಾಗಿ ನಿಲ್ಲುತ್ತದೆ. ಉಗುರಿನ ಮೇಲ್ಮೈಯನ್ನು ನೆನೆಸುವಷ್ಟು ದ್ರವವೇ ಅದರಲ್ಲಿಲ್ಲದ ಕಾರಣ ಹಿಡಿತ ಬರುವುದಿಲ್ಲ.

ಕೋಣೆಯ ಹವೆ ಈ ಹದವನ್ನು ಆಡಿಸುತ್ತದೆ. 21ರಿಂದ 24 ಡಿಗ್ರಿ ಸೆಲ್ಸಿಯಸ್ ಅಕ್ರಿಲಿಕ್‌ಗೆ ಒಗ್ಗುವ ಉಷ್ಣತೆ. ಡಿಸೆಂಬರ್ ಬೆಳಗಿನ ಬೆಂಗಳೂರಿನಲ್ಲಿ ಅಥವಾ ಎಸಿಯ ತಂಗಾಳಿ ನೇರ ಮೇಜಿಗೆ ಬಡಿಯುವಲ್ಲಿ ಬೀಡ್ ತಡವಾಗಿ ಗಟ್ಟಿಯಾಗುತ್ತದೆ. ಕೆಲವೊಮ್ಮೆ ಒಳಗೆ ಮಂಜಿನ ಹರಳಿನಂಥ ಗುರುತು ಮೂಡಿ ಆ ಜಾಗ ದುರ್ಬಲವಾಗುತ್ತದೆ. ಬೇಸಿಗೆಯ ಸೆಕೆಯಲ್ಲಿ, ಫ್ಯಾನಿನ ಕೆಳಗೆ, ಬ್ರಷ್ ಒತ್ತುವ ಮುಂಚೆಯೇ ಬೀಡ್ ಬಿಗಿಯತೊಡಗುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ತೊಂದರೆ ಬೇರೆ ಥರದ್ದು: ಒಣಗಿಸಿದ ಉಗುರು ತೇವದ ಗಾಳಿಯಲ್ಲಿ ಬೇಗ ಮತ್ತೆ ತೇವ ಹೀರುತ್ತದೆ, ಕೈ ಬೆವರುತ್ತದೆ. ಅಲ್ಲಿ ಡಿಹೈಡ್ರೇಟರ್‌ಗೂ ಮೊದಲ ಬೀಡ್‌ಗೂ ನಡುವೆ ಸಮಯ ಕಳೆಯುವಂತಿಲ್ಲ.

ಒಂದು ಕಂಪನಿಯ ದ್ರವ, ಇನ್ನೊಂದರ ಪುಡಿ ಬೆರೆಸುವುದು ಮನೆಯಲ್ಲಿ ಕಲಿಯುವವರು ಹೆಚ್ಚಾಗಿ ಮಾಡುವ ಉಳಿತಾಯ. ಪುಡಿಯಲ್ಲಿ ಪೆರಾಕ್ಸೈಡ್ ಎಷ್ಟಿರಬೇಕು ಎಂಬುದನ್ನು ಪ್ರತಿ ಕಂಪನಿ ತನ್ನ ದ್ರವಕ್ಕೆ ತಕ್ಕಂತೆ ಹೊಂದಿಸಿರುತ್ತದೆ. ಜೋಡಿ ತಪ್ಪಿದರೆ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಅರೆಬೆಂದ ಸ್ಥಿತಿ ಉಳಿಯಬಹುದು.

ಕಟ್ಟುವ ಕ್ರಮ

ಸಾಮಾನ್ಯವಾಗಿ ಒಂದು ಉಗುರಿಗೆ ಮೂರು ಬೀಡ್: ತುದಿಗೊಂದು, ನಡುವಿಗೊಂದು, ಬುಡಕ್ಕೊಂದು. ಬುಡದ್ದು ಎಲ್ಲಕ್ಕಿಂತ ಚಿಕ್ಕದಾಗಿರಬೇಕು. ಚರ್ಮಕ್ಕೂ ಅಕ್ರಿಲಿಕ್‌ಗೂ ನಡುವೆ ಕೂದಲೆಳೆಯಷ್ಟು ಜಾಗ ಸುತ್ತಲೂ ಖಾಲಿ ಉಳಿಯಬೇಕು. ಬೆಳೆದ ಮೇಲೆ ಚೆನ್ನಾಗಿ ಕಾಣಲೆಂದು ಚರ್ಮಕ್ಕೆ ಒತ್ತಿ ಹಾಕಿದರೆ ಎರಡು ಹಾನಿ. ಚರ್ಮ ಚಲಿಸುತ್ತದೆ, ಜಿಡ್ಡು ಬಿಡುತ್ತದೆ. ಒಂದೆರಡು ದಿನದಲ್ಲೇ ಅಕ್ರಿಲಿಕ್ ಅದರಿಂದ ಕಳಚಿ, ಆ ಎದ್ದ ಅಂಚಿನಿಂದ ಬಿರುಕು ಉಗುರಿನೊಳಕ್ಕೆ ಹಬ್ಬುತ್ತದೆ. ಹಸಿ ಅಕ್ರಿಲಿಕ್ ಚರ್ಮಕ್ಕೆ ತಾಗಿದಷ್ಟೂ ಅಲರ್ಜಿಯ ಅಪಾಯ ಹೆಚ್ಚುತ್ತದೆ. ಹರಿದುಬಿಟ್ಟರೆ ಗಟ್ಟಿಯಾಗುವ ಮುಂಚೆಯೇ ಮರದ ಕಡ್ಡಿಯ ತುದಿಯಿಂದ ಗೆರೆ ಎಳೆದು ತೆಗೆಯಬೇಕು. ಬೀಡನ್ನು ಬ್ರಷ್‌ನ ತುದಿಯಿಂದ ಕೆದಕದೆ, ಹೊಟ್ಟೆಯ ಭಾಗದಿಂದ ಒತ್ತಿ ಕೂರಿಸಿದರೆ ಕೆಳಗೆ ಗಾಳಿಗುಳ್ಳೆ ಉಳಿಯುವುದಿಲ್ಲ.

ದಪ್ಪ ಎಲ್ಲೆಡೆ ಒಂದೇ ಇರಬಾರದು. ಬುಡದಲ್ಲಿ ತೆಳುವಾಗಿ ಸಹಜ ಉಗುರಿಗೆ ಇಳಿದು, ಉಗುರು ಬೆರಳನ್ನು ಬಿಟ್ಟು ಹೊರಡುವ ಜಾಗಕ್ಕೆ ತುಸು ಹಿಂದೆ ಎತ್ತರವಾಗಿ, ತುದಿಯಲ್ಲಿ ಮತ್ತೆ ತೆಳುವಾಗಬೇಕು. ಆ ಎತ್ತರವನ್ನು ಏಪೆಕ್ಸ್ ಎನ್ನುತ್ತಾರೆ. ತುದಿಗೆ ಬೀಳುವ ಪೆಟ್ಟನ್ನು ತಾಳಿಕೊಳ್ಳುವುದು ಅದು. ಏಪೆಕ್ಸ್ ಇಲ್ಲದ ಚಪ್ಪಟೆ ಉಗುರಿನ ತುದಿಯನ್ನು ಒತ್ತಿದರೆ ಸನ್ನೆಯ ನಿಯಮದಂತೆ ಬುಡ ಏಳುತ್ತದೆ. ಉದ್ದ ಹೆಚ್ಚಿದಷ್ಟೂ ಬುಡದ ಮೇಲಿನ ಎಳೆತ ಹೆಚ್ಚು. ಮನೆಗೆಲಸ, ಟೈಪಿಂಗ್, ಮಕ್ಕಳ ಆರೈಕೆ ಇರುವವರು ಬೆರಳಿನಾಚೆ ಚಾಚುವ ಭಾಗ ಗುಲಾಬಿ ಭಾಗದ ಅರ್ಧಕ್ಕಿಂತ ಮೀರದಂತೆ ನೋಡಿಕೊಂಡರೆ ವಾಸಿ. ಫೋಟೋದಲ್ಲಿ ನೋಡಿ ಮೆಚ್ಚಿದ ಉದ್ದ ಪಾತ್ರೆ ತೊಳೆಯುವ ಕೈಗೆ ಒಗ್ಗಬೇಕೆಂದೇನಿಲ್ಲ. ಉದ್ದ ಮಾಡಲು ಪ್ಲಾಸ್ಟಿಕ್ ತುದಿ, ಅಂದರೆ ಟಿಪ್ ಅಂಟಿಸುವುದಾದರೆ ಅದು ಉಗುರಿನ ಪೂರ್ತಿ ಅಗಲಕ್ಕೆ ಹೊಂದಬೇಕು. ಚಿಕ್ಕ ಟಿಪ್ಪನ್ನು ಅಮುಕಿ ಅಗಲಿಸಿ ಅಂಟಿಸಿದರೆ ಅದು ಮೊದಲಿನ ಆಕಾರಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ.

ಉಗುರನ್ನು ಬ್ರಷ್‌ನ ಹಿಡಿಯಿಂದ ತಟ್ಟಿದಾಗ ಟಕ್ ಎಂಬ ಸದ್ದು ಬಂದರೆ ಫೈಲ್ ಮಾಡಬಹುದು. ಅದಕ್ಕೂ ಮುಂಚೆ ಉಜ್ಜಿದರೆ ಅರೆಗಟ್ಟಿ ಪದರ ಅದುರಿ ಹಿಡಿತ ಕಳೆದುಕೊಳ್ಳುತ್ತದೆ. ಬುಡದ ಅಂಚನ್ನು ನಯ ಮಾಡುವಾಗ ಫೈಲನ್ನು ಚಪ್ಪಟೆಯಾಗಿ ಹಿಡಿಯಬೇಕು, ಮೂಲೆಯಿಂದ ಕೊರೆಯಬಾರದು. ಕೊರೆದರೆ ಸಹಜ ಉಗುರಿನ ಮೇಲೆ ಅರ್ಧಚಂದ್ರಾಕಾರದ ಕೆಂಪು ಗೆರೆ ಮೂಡುತ್ತದೆ. ಕಸುಬಿನವರು ಇದನ್ನು ರಿಂಗ್ ಆಫ್ ಫೈರ್ ಎನ್ನುತ್ತಾರೆ. ಉಗುರು ಬೆಳೆದಂತೆ ಆ ತೆಳುಗೆರೆ ಮುಂದಕ್ಕೆ ಬರುತ್ತದೆ, ಉಗುರು ಅಲ್ಲೇ ಬಾಗುತ್ತದೆ. ಕೆಲಸ ಮುಗಿದ ಮೇಲೆ ಬೆರಳ ತುದಿಯನ್ನು ಬುಡದಿಂದ ಮುಂದಕ್ಕೆ ಸವರಿದರೆ ಮೆಟ್ಟಿಲು ತಾಗಬಾರದು.

ಎದ್ದ ಜಾಗ ಹೇಳುವ ಕಾರಣ

ಎದ್ದ ಉಗುರನ್ನು ಸುಮ್ಮನೆ ತೆಗೆದುಹಾಕುವ ಮುಂಚೆ ಎಲ್ಲಿ ಎದ್ದಿದೆ ಎಂದು ನೋಡಿದರೆ ಮುಂದಿನ ಸಲಕ್ಕೆ ಬಹಳ ಉಪಯೋಗ. ಹತ್ತೂ ಬೆರಳಿನ ಬುಡದಲ್ಲಿ ಎದ್ದಿದ್ದರೆ ಪೊರೆ ಉಳಿದಿದೆ ಅಥವಾ ಬುಡದಲ್ಲಿ ದಪ್ಪ ಹಾಕಿದೆ ಅಥವಾ ಚರ್ಮಕ್ಕೆ ತಾಗಿದೆ. ಪಕ್ಕಗಳಲ್ಲಿ ಎದ್ದರೆ ಬೀಡ್ ತೀರ ನೀರಾಗಿತ್ತು, ಇಲ್ಲವೇ ಮೂಲೆಗಳಲ್ಲಿ ಹೊಳಪು ಉಳಿದಿತ್ತು. ತುದಿಯಲ್ಲಿ ಬಿಟ್ಟುಕೊಂಡರೆ ಉದ್ದ ಜಾಸ್ತಿಯಾಯಿತು ಅಥವಾ ಉಗುರನ್ನೇ ಹತಾರವಾಗಿ ಬಳಸಲಾಗಿದೆ. ಅಂಚೆಲ್ಲ ಗಟ್ಟಿಯಿದ್ದು ನಡುವೆ ಮಾತ್ರ ಬೆಳ್ಳನೆಯ ಗುಳ್ಳೆ ಕಂಡರೆ ಅದು ಗಾಳಿ ಸಿಕ್ಕಿಕೊಂಡದ್ದು ಅಥವಾ ಒಂದು ಚುಕ್ಕೆ ಜಿಡ್ಡು. ಬಲಗೈಯ ತೋರುಬೆರಳು, ಹೆಬ್ಬೆರಳು ಎರಡೇ ಏಳುತ್ತಿದ್ದರೆ ಹಾಕಿದವರನ್ನು ದೂರುವ ಮುಂಚೆ ಡಬ್ಬಿಯ ಮುಚ್ಚಳ, ಕೋಲ್ಡ್‌ಡ್ರಿಂಕ್ ಕ್ಯಾನ್, ಸ್ಟಿಕ್ಕರ್‌ಗಳ ನೆನಪು ಮಾಡಿಕೊಳ್ಳಬಹುದು.

ಮನೆಗೆ ಬಂದ ಮೇಲೆ

ಬೆಸುಗೆ ಪೂರ್ತಿಯಾಗುವ ಮೊದಲ ಒಂದೆರಡು ದಿನ ಬಿಸಿನೀರಲ್ಲಿ ಬಹಳ ಹೊತ್ತು ಕೈಯಿಡದಿರುವುದು ಒಳ್ಳೆಯದು. ಆಮೇಲೂ ಪಾತ್ರೆ ತೊಳೆಯುವಾಗ, ಬಟ್ಟೆ ಉಜ್ಜುವಾಗ ರಬ್ಬರ್ ಗ್ಲೌಸ್ ಇದ್ದರೆ ಉಗುರು ಎಷ್ಟೋ ದಿನ ಹೆಚ್ಚು ಬಾಳುತ್ತದೆ. ಸೋಪಿನ ನೀರು ಬರೀ ನೀರಿಗಿಂತ ಚೆನ್ನಾಗಿ ಸಂದಿಗೆ ಇಳಿಯುತ್ತದೆ. ಚಪಾತಿ ಹಿಟ್ಟು ನಾದುವಾಗ ಬೆರಳ ತುದಿಗಿಂತ ಅಂಗೈಯ ಬಲ ಹಾಕಬೇಕು. ತೆಂಗಿನಕಾಯಿಯ ಜುಟ್ಟು ಕೀಳುವುದು, ಬೆಳ್ಳುಳ್ಳಿ ಸುಲಿಯುವುದು, ತಳಹಿಡಿದ ಪಾತ್ರೆ ಕೆರೆಯುವುದು ಉಗುರಿನ ಕೆಲಸವಲ್ಲ. ನೇಲ್ ಪಾಲಿಶ್ ತೆಗೆಯಲು ಅಸಿಟೋನ್ ಇಲ್ಲದ ರಿಮೂವರ್ ಬಳಸಬೇಕು. ಅಸಿಟೋನ್ ಅಕ್ರಿಲಿಕ್ಕನ್ನೇ ಕರಗಿಸುತ್ತದೆ. ಸೊಳ್ಳೆ ನಿವಾರಕ ಕ್ರೀಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕಕ್ಕೂ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ಗುಣವಿದೆ, ಹಚ್ಚಿಕೊಂಡ ಮೇಲೆ ಬೆರಳ ತುದಿ ತೊಳೆಯುವುದು ಲೇಸು.

ಹಾಕುವ ಮುಂಚೆ ಶತ್ರುವಾಗಿದ್ದ ಎಣ್ಣೆ ಹಾಕಿದ ಮೇಲೆ ಮಿತ್ರ. ದಿನಕ್ಕೊಂದು ಸಲ ಉಗುರಿನ ಬುಡಕ್ಕೆ ಒಂದು ಹನಿ ಹೊಹೊಬ ಅಥವಾ ಬಾದಾಮಿ ಎಣ್ಣೆ ತಿಕ್ಕಿದರೆ ಸುತ್ತಲ ಚರ್ಮ ಒಡೆಯುವುದಿಲ್ಲ, ಸಹಜ ಉಗುರು ಬಿರುಸಾಗದೆ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಆದರೆ ರೀಫಿಲ್ ದಿನ ಅದನ್ನೂ ಹಚ್ಚಬಾರದು.

ಎರಡು-ಮೂರು ವಾರಕ್ಕೊಮ್ಮೆ ರೀಫಿಲ್ ಮಾಡಿಸಬೇಕು ಎನ್ನುವುದು ಬರೀ ವ್ಯಾಪಾರದ ಮಾತಲ್ಲ. ಬುಡದಲ್ಲಿ ಬೆಳೆದ ಖಾಲಿ ಜಾಗ ತುಂಬುವುದು ಕಣ್ಣಿಗೆ ಕಾಣುವ ಕೆಲಸ; ಜೊತೆಗೆ ಏಪೆಕ್ಸ್ ಕೂಡ ಅಷ್ಟೊತ್ತಿಗೆ 2 ಮಿಲಿಮೀಟರಿನಷ್ಟು ಮುಂದಕ್ಕೆ ಸರಿದು ಉಗುರಿನ ಮೂತಿ ಭಾರವಾಗಿರುತ್ತದೆ. ಅದನ್ನು ಮತ್ತೆ ಹಿಂದಕ್ಕೆ ಕಟ್ಟದಿದ್ದರೆ ಚೆನ್ನಾಗಿ ಕೂತ ಉಗುರೂ ಏಳುತ್ತದೆ.

ಎದ್ದೇಬಿಟ್ಟರೆ

ಎದ್ದ ಅಂಚಿಗೆ ಅಂಗಡಿಯ ಗಮ್ ಹಾಕಿ ಒತ್ತುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಒಳಗೆ ಆಗಲೇ ಸೇರಿದ ತೇವವನ್ನು ಅದು ಬಂದೋಬಸ್ತಾಗಿ ಮುಚ್ಚುತ್ತದೆ. ಅಂಥ ಜಾಗದಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯ ಬೆಳೆದು ಉಗುರು ಹಸಿರು ಬಣ್ಣಕ್ಕೆ ತಿರುಗುತ್ತದೆ. ಹಲವರು ಇದನ್ನು ಬೂಷ್ಟು ಎಂದುಕೊಳ್ಳುತ್ತಾರೆ; ಬೂಷ್ಟಲ್ಲ, ಬ್ಯಾಕ್ಟೀರಿಯ ಬಿಡುವ ಬಣ್ಣ. ಹಸಿರು ಕಂಡರೆ ಅಕ್ರಿಲಿಕ್ ಪೂರ್ತಿ ತೆಗೆಸಿ, ಉಗುರನ್ನು ಒಣಗಲು ಬಿಟ್ಟು, ಚರ್ಮದ ಡಾಕ್ಟರಿಗೆ ತೋರಿಸಬೇಕು. ಮೇಲೆ ಬಣ್ಣ ಬಳಿದು ಮುಚ್ಚುವಂತಿಲ್ಲ. ಕೃತಕ ಉಗುರಿನಡಿ ರೋಗಾಣುಗಳು ಉಳಿಯುತ್ತವೆಂಬ ಕಾರಣಕ್ಕೇ, ರೋಗಿಗಳನ್ನು ನೇರವಾಗಿ ಮುಟ್ಟುವ ವೈದ್ಯಕೀಯ ಸಿಬ್ಬಂದಿ ಅದನ್ನು ಹಾಕಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಶುಚಿತ್ವದ ಮಾರ್ಗಸೂಚಿ ಹೇಳುತ್ತದೆ.

ಹಸಿರು, ನೋವು, ಊತ ಯಾವುದೂ ಇಲ್ಲದೆ ಅಂಚು ಮಾತ್ರ ಎದ್ದಿದ್ದರೆ, ಪಾರ್ಲರಿನಲ್ಲಿ ಎದ್ದಷ್ಟು ಭಾಗವನ್ನು ಫೈಲ್‌ನಿಂದ ಸವೆಸಿ, ಗಟ್ಟಿಯಾಗಿ ಹಿಡಿದ ಜಾಗದವರೆಗೆ ತೆಗೆದು, ಮೊದಲಿನಿಂದ ಸಿದ್ಧತೆ ಮಾಡಿ ತುಂಬುತ್ತಾರೆ. ಕಟರ್ ಹಾಕಿ ಚಕ್ಕನೆ ಕಿತ್ತರೆ ಪಕ್ಕದ ಗಟ್ಟಿ ಭಾಗವೂ ಬಿರಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಎದ್ದಿದ್ದರೆ ಪೂರ್ತಿ ತೆಗೆದು ಹೊಸದಾಗಿ ಹಾಕುವುದೇ ಸರಿ.

ಏನು ಮಾಡಿದರೂ ಏಳದ ಉಗುರು ಒಳ್ಳೆಯ ಉಗುರು ಎಂದೂ ತಿಳಿಯಬೇಕಿಲ್ಲ. ಮೀಥೈಲ್ ಮೆಥಾಕ್ರಿಲೇಟ್ ಎಂಬ ಅಗ್ಗದ ಮಾನೊಮರ್‌ನಿಂದ ಕಟ್ಟಿದ ಉಗುರು ಕಲ್ಲಿನಷ್ಟು ಗಡಸು. ಎಲ್ಲಾದರೂ ಸಿಕ್ಕಿಕೊಂಡರೆ ಪ್ಲಾಸ್ಟಿಕ್ ಮುರಿಯುವ ಬದಲು ಸಹಜ ಉಗುರೇ ಹಾಸಿನಿಂದ ಕಿತ್ತುಬರಬಹುದು. 1970ರ ದಶಕದ ಮೊದಲಲ್ಲೇ ಉಗುರು ವಿಕಾರಗೊಂಡ, ಚರ್ಮ ಕೆಟ್ಟ ದೂರುಗಳು ಬಂದು, ಪೂರ್ತಿ ಈ ಮಾನೊಮರ್‌ನಿಂದಲೇ ಮಾಡಿದ ಉಗುರಿನ ಸಾಮಗ್ರಿಗಳ ಮೇಲೆ ಅಮೆರಿಕದ ಎಫ್‌ಡಿಎ ಕ್ರಮ ಕೈಗೊಂಡಿತು. ಮೂಗಿಗೆ ಅಡರುವ ವಿಚಿತ್ರ ವಾಸನೆ, ಅಸಿಟೋನ್‌ನಲ್ಲಿ ಎಷ್ಟು ಹೊತ್ತಿಟ್ಟರೂ ಕರಗದಿರುವುದು, ನಂಬಲಾಗದಷ್ಟು ಕಡಿಮೆ ದರ, ಹೆಸರಿನ ಚೀಟಿ ಇಲ್ಲದ ಬಾಟಲಿ, ಇವು ಅದರ ಸುಳಿವುಗಳು.

ಬೆರಳ ಸುತ್ತ ತುರಿಕೆ, ಕೆಂಪು, ನೀರುಗುಳ್ಳೆ ಬಂದರೆ ಅದು ಮೆಥಾಕ್ರಿಲೇಟ್ ಅಲರ್ಜಿ ಇರಬಹುದು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಈ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತ್ತು. ಒಮ್ಮೆ ಅಂಟಿಕೊಂಡ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಲ್ಲಿನ ಫಿಲ್ಲಿಂಗ್‌ನಲ್ಲಿ, ಕೀಲು ಬದಲಿಸುವಾಗ ಬಳಸುವ ಮೂಳೆ ಸಿಮೆಂಟಿನಲ್ಲಿ ಇದೇ ಕುಟುಂಬದ ರಾಸಾಯನಿಕಗಳಿರುವುದರಿಂದ ಮುಂದೆ ಅಲ್ಲೂ ತೊಡಕಾಗಬಹುದು. ಅಂಥವರು ಬ್ರಾಂಡ್ ಬದಲಿಸಿ ಪ್ರಯೋಗ ಮುಂದುವರಿಸುವ ಬದಲು ಅಕ್ರಿಲಿಕ್ ಬಿಟ್ಟುಬಿಡಬೇಕು, ದಂತವೈದ್ಯರಿಗೂ ಶಸ್ತ್ರವೈದ್ಯರಿಗೂ ವಿಷಯ ತಿಳಿಸಬೇಕು.

ತೆಗೆಯುವ ಕ್ರಮವೂ ಮುಂದಿನ ಸಲದ ಹಿಡಿತವನ್ನು ನಿರ್ಧರಿಸುತ್ತದೆ. ಮೇಲಿನ ದಪ್ಪವನ್ನು ಫೈಲ್‌ನಿಂದ ಕಡಿಮೆ ಮಾಡಿ, ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಇಪ್ಪತ್ತು-ಮೂವತ್ತು ನಿಮಿಷ ಬಿಡಬೇಕು. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಅಡುಗೆಮನೆಯ ಒಲೆ, ದೇವರ ದೀಪ ಹತ್ತಿರ ಇರಬಾರದು. ಮೆತ್ತಗಾದ ಪದರವನ್ನು ಮರದ ಕಡ್ಡಿಯಿಂದ ತಳ್ಳಿದರೆ ಸರಿದುಬರಬೇಕು. ಬಾರದಿದ್ದರೆ ಇನ್ನೊಂದಿಷ್ಟು ಹೊತ್ತು ಸುತ್ತಿಡಬೇಕೇ ಹೊರತು ಕೀಳಬಾರದು. ಕಿತ್ತ ಅಕ್ರಿಲಿಕ್‌ನ ಒಳಮೈಯನ್ನು ಬೆಳಕಿಗೆ ಹಿಡಿದರೆ ಬಿಳಿ ಸಿಪ್ಪೆಗಳು ಅಂಟಿಕೊಂಡಿರುವುದು ಕಾಣುತ್ತದೆ. ಅದು ಸಹಜ ಉಗುರಿನದೇ ಮೇಲ್ಪದರ. ಆ ನಷ್ಟ ತುಂಬಲು ಬುಡದಿಂದ ಹೊಸ ಉಗುರೇ ಬೆಳೆದುಬರಬೇಕು, ಕೈಬೆರಳಿಗೆ ಅದಕ್ಕೆ ಹೆಚ್ಚುಕಡಿಮೆ ಆರು ತಿಂಗಳು ಹಿಡಿಯುತ್ತದೆ. ಅಷ್ಟರೊಳಗೆ ಆ ತೆಳು ಜಾಗದ ಮೇಲೆ ಹಾಕಿದ ಹೊಸ ಸೆಟ್ ಮೊದಲು ಏಳುವುದು ಅಲ್ಲಿಂದಲೇ.